ನಿದ್ರಿಸುತ್ತಿದ್ದ ಅಧ್ಯಕ್ಷರು

ಅಧ್ಯಕ್ಷರ ಕುರ್ಚಿಯಲ್ಲಿ ಐದು ವರ್ಷದ ಹೆಣ್ಣುಮಗುವೊಂದು ಗಾಢನಿದ್ರೆಯಲ್ಲಿತ್ತು. ಚೆಂಡುಹೂವಿನ ಹಾರವನ್ನು ಅದರ ಪಾದದ ಬಳಿ ಭಕ್ತಿಯಿಂದ ಇರಿಸಲಾಯಿತು.

ತೊಂಬತ್ತರ ದಶಕದಲ್ಲಿ ಗುಂಡ್ಲುಪೇಟೆಯ ಕಲ್ಯಾಣಮಂಟಪವೊಂದರಲ್ಲಿ ಕಣ್ಣಾರೆ ಕಂಡದ್ದಿದು. ಮಕ್ಕಳಿಗೆ ಮನೆಮಾತನ್ನೂ ಕನ್ನಡವನ್ನೂ ಜೊತೆಯಾಗಿ ಕಲಿಸುವ ಶಾಲೆಗಳ ಒಕ್ಕೂಟ ಕಟ್ಟಲೆಂದು ಹರವೆ, ಹರದನಹಳ್ಳಿಗಳಿಂದಲೂ ಗಡಿಯಾಚೆಯ ಕೇರಳದಿಂದಲೂ ಉಪಾಧ್ಯಾಯರು ನೆರೆದಿದ್ದರು. ಪ್ರಾರ್ಥನೆ ನನ್ನ ಪಾಲಿನದು. ಆದರೆ ಅಧ್ಯಕ್ಷರು ಆಸೀನರಾಗದೆ ಪ್ರಾರ್ಥನೆಯಿಲ್ಲ. ಹಿರಿಯರೆದುರು ಆಸೀನರಾಗಲು ಯಾರೂ ಒಪ್ಪರು.

"ತಾವೇ ಕೂತ್ಕಳಿ ಮೇಷ್ಟ್ರೇ."

"ನಿಮ್ ಮುಂದೆ ನಾನು ಕೂರದಾ? ಬುಡಿ ಸಾರ್!"

ನಾನೂ ಒಪ್ಪಲಿಲ್ಲ. ಹೀಗೆ ಪರಸ್ಪರ ಗೌರವಿಸುತ್ತಲೇ ಮಧ್ಯಾಹ್ನವಾಯಿತು.

ಲಾರಿ ಚಾಲಕನೊಬ್ಬನ ಮಲಯಾಳಿ ಹೆಂಡತಿ ಬೆಳಗಿನಿಂದ ಮಗುವನ್ನೆತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಇಲ್ಲಿ ಎರಡೂ ಭಾಷೆ ಕಲಿಸುವುದಾದರೆ ಮಗಳು ತನ್ನೊಡನೆ ಉಳಿಯಬೇಕು, ಇಲ್ಲವಾದರೆ ಸಂಜೆಯ ಬಸ್ಸಿನಲ್ಲಿ ಅಜ್ಜಿಯ ಊರಿಗೆ ಹೋಗಬೇಕು ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ತೋಳು ಸೋತು, ಖಾಲಿ ಕುರ್ಚಿ ಕಂಡು, ಮಲಗಿದ್ದ ಮಗುವನ್ನು ಅದರಲ್ಲಿ ಒರಗಿಸಿದಳು.

ಈರುಳ್ಳಿ ಮಂಡಿಯ ಯಜಮಾನರಾದ ಸಂಚಾಲಕರು ತಟ್ಟನೆದ್ದು ಕೈಮುಗಿದರು. "ಅಧ್ಯಕ್ಷರು ಕೂತಾಯ್ತು ಕಣ್ರಪ್ಪ, ಇನ್ನು ಸುರು ಮಾಡನ!"

ಯಾರೂ ನಗಲಿಲ್ಲ, ಎಲ್ಲರೂ ನಿಟ್ಟುಸಿರಿಟ್ಟರು. ತಾಯಿಯಿಂದ ಸಂಜೆಯ ಬಸ್ಸಿನ ಸಂಗತಿ ಕೇಳಿ, ಅಧ್ಯಕ್ಷರ ವಿಷಯವೇ ಮೊದಲಾಗಬೇಕೆಂದು ಸಭೆ ಒಮ್ಮತದಿಂದ ನಿರ್ಣಯಿಸಿತು. ಕೇರಳದ ಮೇಷ್ಟ್ರೊಬ್ಬರು ಶನಿವಾರಗಳಂದು ಗುಂಡ್ಲುಪೇಟೆಗೆ ಬಂದು ಮಲಯಾಳ ಕಲಿಸಲು ಒಪ್ಪಿದರು. ತಾಯಿ ಊರಿಗೆಂದು ಕಟ್ಟಿ ತಂದಿದ್ದ ಬಟ್ಟೆಯ ಚೀಲವನ್ನು ಕುರ್ಚಿಯ ಕೆಳಗೆ ಸರಿಸಿದಳು.

ಶಾರದೆಯ ಸ್ತುತಿಯನ್ನು ಜೀವಮಾನವಿಡೀ ಏರುದನಿಯಲ್ಲಿ ಹೇಳಿಕೊಂಡು ಬಂದವನು ನಾನು. ಅಂದು ಮಾತ್ರ, ಅಧ್ಯಕ್ಷರು ಎಚ್ಚರಗೊಂಡಾರೆಂದು ಪಿಸುದನಿಯಲ್ಲಿ ಹೇಳಿದೆ. ತಾಯಿಗೆ ಅಷ್ಟು ಹತ್ತಿರ ನಿಂತು ನಾನೆಂದೂ ಪ್ರಾರ್ಥಿಸಿದ್ದಿಲ್ಲ.