ಮೂರು ಹಡಗಿಗೂ ಕುಂಕುಮ

ಪೀಣ್ಯದ ಒಂದು ಕಾರ್ಖಾನೆಯ ಲೆಕ್ಕಪತ್ರ ವಿಭಾಗಕ್ಕೆ ನಾನು ಸೇರಿದಾಗ ಅಮ್ಮ ಅಲ್ಲೇ ಗುತ್ತಿಗೆಯ ಮೇಲೆ ಕಸ ಗುಡಿಸುತ್ತಿದ್ದಳು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ಹಾಗೆಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಅಮ್ಮನಿಗಂತೂ ಇರಲೇ ಇಲ್ಲ.

ಮಾಲೀಕರ ಕೋಣೆಯಲ್ಲಿ ದೊಡ್ಡದೊಂದು ತೈಲಚಿತ್ರವಿತ್ತು. ಕಪ್ಪು ಕಡಲು, ಹಾಯಿ ಬಿಚ್ಚಿದ ಮೂರು ಹಡಗು. ಎರಡು ದೂರ ಸಾಗಿವೆ. ಮೂರನೆಯದು ಹಾಯಿ ಹರಿದು, ವಾಲಿ, ಒಂದು ಮಗ್ಗುಲು ನೀರಿಗೆ ತಾಗಿದೆ. ವ್ಯಾಪಾರವೂ ಹೀಗೇ, ತಡೆದುಕೊಳ್ಳಲಾಗದ್ದು ಮುಳುಗುತ್ತದೆ ಎಂದು ಮಾಲೀಕರು ಬಂದವರಿಗೆಲ್ಲ ವಿವರಿಸುತ್ತಿದ್ದರು.

ಆಯುಧಪೂಜೆಯ ಬೆಳಿಗ್ಗೆ ಸೂಪರ್‌ವೈಸರ್ ಗಂಧ ಕುಂಕುಮದ ತಟ್ಟೆಯನ್ನು ಅಮ್ಮನ ಕೈಗೆ ಕೊಟ್ಟು, "ಆಫೀಸೊಳಗಿರೋದೆಲ್ಲ ನೀನೇ ನೋಡ್ಕೊಳಮ್ಮ, ಒಂದೂ ಬಿಡ್ಬೇಡ" ಅಂದ. ಅಮ್ಮ ಕಂಪ್ಯೂಟರು, ಪ್ರಿಂಟರು ಮುಗಿಸಿ ಹಡಗುಗಳಿಗೂ ಬೊಟ್ಟಿಟ್ಟಳು. ಚಿತ್ರಕ್ಕೆ ಗಾಜಿರಲಿಲ್ಲ. ಸೂಪರ್‌ವೈಸರ್ ಗಾಬರಿಯಾಗಿ ಒದ್ದೆ ಬಟ್ಟೆಯಲ್ಲಿ ಒರೆಸಿದ. ಕೆಂಪು ಕಡಲಿಗೆಲ್ಲ ಹಬ್ಬಿತು, ವಾಲಿದ ಹಡಗಿನ ದೊಡ್ಡ ಬೊಟ್ಟು ಮಾತ್ರ ಪೂರ್ತಿ ಹೋಗಲಿಲ್ಲ.

ಮಾಲೀಕರಿಗೆ ಕನ್ನಡ ಬಾರದು. ಅಮ್ಮನ ಮಾತನ್ನು ಇಂಗ್ಲಿಷಿನಲ್ಲಿ ಹೇಳಲು ನನ್ನನ್ನು ಕರೆಸಿದರು. ಕೆಲಸ ಉಳಿಯಬೇಕಾದರೆ ತಪ್ಪಾಯ್ತು ಅಂದುಬಿಡು ಎಂದು ಬಾಗಿಲಲ್ಲೇ ಅಮ್ಮನಿಗೆ ಪಿಸುಗುಟ್ಟಿದೆ.

"ತಪ್ಪೇನವ್ವಾ? ಲಾರಿಗೆ ಇಕ್ತೀವಿ, ಅಡಗಿಗೆ ಇಕ್ಬಾರ್ದಾ?"

ವಾಲಿದ ಹಡಗಿಗೆ ಮಾತ್ರ ಅಷ್ಟು ದೊಡ್ಡ ಬೊಟ್ಟು ಯಾಕೆ ಎಂದು ಮಾಲೀಕರು ಕೇಳಿದರು. ಅದನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ.

"ಅದ್ಕೇ ತಾನೆ ಜಾಸ್ತಿ ಬೇಕಾಗಿದ್ದು? ಇಬ್ರು ಅಗ್ಗ ಇಡ್ಕೊಂಡು ಎಳೀತಾವ್ರೆ ನೋಡು. ಅದಿನ್ನೂ ಮುಳುಗಿಲ್ಲ."

ಅಮ್ಮ ಹೇಳಿದ್ದಷ್ಟನ್ನೇ ಹೇಳಿದೆ. ಕ್ಷಮೆಯ ಮಾತು ಅದರಲ್ಲಿರಲಿಲ್ಲ, ನಾನಾಗಿ ಸೇರಿಸಲೂ ಇಲ್ಲ. ಮಾಲೀಕರು ಸಿಟ್ಟಾಗಲಿಲ್ಲ. ಅವರಿಬ್ಬರು ಹಡಗನ್ನು ಬಿಟ್ಟುಹೋಗಲು ದೋಣಿ ಇಳಿಸುತ್ತಿದ್ದಾರೆ ಅಷ್ಟೇ, ಅಂದರು. ನಾನು ಹತ್ತಿರ ಹೋಗಿ ನೋಡಿದೆ. ಇರುವೆಯಷ್ಟು ಸಣ್ಣ ಇಬ್ಬರಿದ್ದರು. ಎಳೆಯುತ್ತಿದ್ದರೋ ಇಳಿಸುತ್ತಿದ್ದರೋ, ಆ ಕೆಂಪಿನಡಿ ಗೊತ್ತಾಗಲಿಲ್ಲ. ಅಷ್ಟರಲ್ಲಿ ಮಾಲೀಕರು ಗುತ್ತಿಗೆದಾರನಿಗೆ ಫೋನ್ ಮಾಡಿ, ಈ ಹೆಂಗಸು ಇನ್ನು ಬೇಡ ಎಂದು ಹೇಳಿ ಮುಗಿಸಿದ್ದರು. ಸೂಪರ್‌ವೈಸರ್ ನೆಲ ನೋಡುತ್ತಿದ್ದ.

ಬಾಗಲಗುಂಟೆಯ ಮನೆಗೆ ನಡೆದು ಬರುವಾಗ, ನಾನೂ ಬಿಡ್ತೀನಿ ಅಂದೆ.

"ಸುಮ್ಕಿರು. ನೀನ್ ಬಿಟ್ರೆ ನಾನು ಇಷ್ಟ್ ವರ್ಸ ಗುಡಿಸಿದ್ದು ಯಾತಕ್ಕೆ? ಅಬ್ಬ ಮುಗೀಲಿ, ನೆಟ್ಟಗೆ ಕೆಲ್ಸಕ್ಕೋಗು."

ಹಬ್ಬ ಮುಗಿದ ಮೇಲೆ ಹೋದೆ. ಹೊಸಬಳೊಬ್ಬಳು ಪೊರಕೆ ಹಿಡಿದು ನನ್ನ ಮೇಜಿನ ಹತ್ತಿರ ಬಂದಳು.

"ಕಾಲು ಸ್ವಲ್ಪ ಎತ್ತಿ ಮೇಡಂ."

ಎತ್ತಿದೆ.