ಆಷಾಢದಲ್ಲಿ ಬಂದ ಕಮಿಷನ್ ರೂಲ್ಸು

ಹಿಂದಿನ ಅರಸರು ದಿಗ್ವಿಜಯಕ್ಕೆ ಆನೆ ಏರಿ ಹೊರಡುತ್ತಿದ್ದರಂತೆ. ನಮ್ಮ ಚನ್ನರಾಯಪಟ್ಟಣದ ರುದ್ರಯ್ಯನವರು ಹೊರಟದ್ದು ಹಾರ್ನ್ ಬಿಟ್ಟು ಉಳಿದೆಲ್ಲ ಸದ್ದು ಮಾಡುವ ಮೊಪೆಡ್ ಮೇಲೆ. ಪವರ್ ಟಿಲ್ಲರ್ ಮಾರುವ ಅಂಗಡಿಯಲ್ಲಿ ಹದಿನಾಲ್ಕು ವರ್ಷದಿಂದ ಸೇಲ್ಸ್‌ಮನ್. ಈ ಸಲದ ಜ್ಯೇಷ್ಠದಲ್ಲಿ ಹಿರೀಸಾವೆಯಿಂದ ಅರಕಲಗೂಡಿನ ತನಕ ದಂಡೆತ್ತಿ ಹೋಗಿ, ಹನ್ನೊಂದು ಟಿಲ್ಲರಿಗೆ ಮುಂಗಡ ಹಿಡಿದು ತಂದರು.

ಮುಂಗಡ ಬಿತ್ತೆಂದರೆ ಕಮಿಷನ್ ಗಟ್ಟಿ. ಅಂಗಡಿಯ ಹಳೆಯ ಕಟ್ಟಳೆ ಅದು. ಆ ಧೈರ್ಯದ ಮೇಲೆ ಅವರ ಹೆಂಡತಿ ನೀಲಾಂಬಿಕೆ, ಆ ದುಡ್ಡಿನಲ್ಲಿ ಕೊಳ್ಳಬೇಕಿದ್ದ ಹೊಲಿಗೆ ಮಿಷನ್ ಮನೆಗೆ ಬರುವ ಮೊದಲೇ ವರಮಹಾಲಕ್ಷ್ಮಿ ಹಬ್ಬದ ಬ್ಲೌಸಿಗೆ ಬೀದಿಯ ಒಂಬತ್ತು ಹೆಂಗಸರ ಅಳತೆ ತೆಗೆದುಕೊಂಡುಬಿಟ್ಟರು.

ಆಷಾಢದ ಎರಡನೇ ದಿನ ಮಾಲೀಕ ಮೋಹನ್‌ಕುಮಾರರ ವಾಟ್ಸಾಪ್ ಬಂತು: ‘ಇನ್ನು ಬುಕ್ ಆದ ಮೂವತ್ತು ದಿನದೊಳಗೆ ಗಾಡಿ ಅಂಗಡಿಯಿಂದ ಹೊರಟರೆ ಮಾತ್ರ ಕಮಿಷನ್. ಹಳೆಯ ಬುಕ್ಕಿಂಗಿಗೂ ಅನ್ವಯ.’ ಕೆಳಗೊಂದು ಗುಲಾಬಿ ಹೂವು.

ರುದ್ರಯ್ಯ ಹಿರೀಸಾವೆಗೆ ಓಡಿದರು. ಮುಂಗಡ ಕೊಟ್ಟಿದ್ದ ದ್ಯಾವಯ್ಯ ನಕ್ಕ.

“ಆಷಾಡ್ದಲ್ಲಿ ಒಸಾ ಗಾಡಿ ಮನೆಗ್ ತರಾಕೆ ನಂಗೇನ್ ತಲೆ ಕೆಟ್ಟೈತಾ? ಸ್ರಾವಣ ಉಟ್ಲಿ, ಬತ್ತೀನಿ.”

ಉಳಿದ ಹತ್ತು ಮಂದಿಯೂ ಇದೇ ಮಂತ್ರ ಪಠಿಸಿದರು.

ಕೊನೆಗೆ ನಮ್ಮ ವೀರರು ಮಾಲೀಕರ ಗಾಜಿನ ಕೋಣೆಗೇ ನುಗ್ಗಿದರು. ನುಗ್ಗುವ ಮುನ್ನ ಚಪ್ಪಲಿ ಬಿಟ್ಟರು.

“ಸಾ, ಹೊಸ ರೂಲ್ಸು ಮುಂದಕ್ಕಿರ್ಲಿ. ಆಗಿರೋ ಯಾಪಾರಕ್ಕೆ ಹಳೇದೇ ಕೊಡಿ. ಆಷಾಡ್ದಲ್ಲಿ ಯಾರೂ ಗಾಡಿ ಎತ್ತಲ್ಲ ಅಂತ ನಿಮ್ಗೇ ಗೊತ್ತಲ್ಲ.”

“ಗೊತ್ತು ರುದ್ರಣ್ಣ. ನಾನೂ ಹಾಸನದ ಬ್ರಾಂಚ್ ಪೂಜೆ ಶ್ರಾವಣಕ್ಕೇ ಇಟ್ಕಂಡಿದೀನಿ. ಈ ತಿಂಗ್ಳು ಹೊಸದೇನೂ ಶುರು ಮಾಡಬಾರ್ದು.”

“ಮತ್ತೆ ಈ ರೂಲ್ಸು ಶುರು ಮಾಡಿದ್ರಲ್ಲ ಸಾ?”

ಮಾಲೀಕರು ಟೀ ಊದಿಕೊಂಡರು. “ಆಷಾಢ ನೋಡೋದು ಒಳ್ಳೇ ಕೆಲ್ಸಕ್ಕೆ ಕಣಣ್ಣ.”

ಪಕ್ಕದಲ್ಲಿ ಬಿಲ್ ಬರೆಯುತ್ತಿದ್ದ ಭಾನುಪ್ರಿಯಾ ಬಾಯಿಗೆ ಕೈ ಅಡ್ಡ ಹಿಡಿದಳು. ವಾದದಲ್ಲಿ ಗೆದ್ದವರು ರುದ್ರಯ್ಯನವರೇ, ಅದರಲ್ಲಿ ಸಂಶಯವಿಲ್ಲ. ಕಮಿಷನ್ ಮಾತ್ರ ಸೋತವರ ಬಳಿಯೇ ಉಳಿಯಿತು.

ಹೊರಗೆ ಬಂದು ಮನೆಗೆ ಫೋನ್ ಮಾಡಿದರು. “ನೀಲಾ, ಮಿಷನ್ ಈ ವರ್ಷ ಆಗಲ್ಲ ಕಣೇ.”

“ಅಯ್ಯೋ, ಅಳತೆ ಕೊಟ್ಟೋರ್ಗೆ ಏನ್ ಹೇಳ್ಲಿ? ರೂಲ್ಸ್ ಬದ್ಲಾಯ್ತು ಅನ್ಲಾ?”

“ಅನ್ನಾಕೆ ನೀನೇನು ಓನರಾ?”

ನೀಲಾಂಬಿಕೆ ಹಬ್ಬದ ಹೊತ್ತಿಗೆ ಒಂಬತ್ತು ಬ್ಲೌಸನ್ನೂ ಸೂಜಿ ಹಿಡಿದು ಕೈಯಲ್ಲೇ ಹೊಲಿದು ಕೊಟ್ಟರು.