ಕಚ್ಚಾ ಹೊಲಿಗೆ

ಅವಳಿಗೆ ಸೊಟ್ಟಿ ಎಂದು ಹೆಸರಿಟ್ಟವಳು ಹೆತ್ತ ತಾಯಿಯೇ. ಆರು ವರ್ಷದ ಮಗು ಮೊದಲ ಸಲ ಕರವಸ್ತ್ರದ ಅಂಚು ಮಡಿಸಿ ಹೊಲಿದು ತಂದಾಗ ತಾಯಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, "ಇದೇನೇ, ಕುಡಿದವನು ನಡೆದ ಹಾಗಿದೆ, ಸೊಟ್ಟಿ" ಎಂದಿದ್ದಳು. ಅಳತೆ ಕೊಡಲು ಬಂದು ಕೂತಿದ್ದ ಇಬ್ಬರು ಹೆಂಗಸರು ನಕ್ಕರು. ಅವರು ಬೀದಿಗೆ ಹೇಳಿದರು, ಬೀದಿ ಶಾಲೆಗೆ ಹೇಳಿತು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಆ ಗಾದೆ ಈ ಮನೆಯ ಮೆಟ್ಟಿಲು ಹತ್ತಲೇ ಇಲ್ಲ. ಈಗ ಅವಳಿಗೆ ನಲವತ್ತಮೂರು. ಹಾಲು ಹಾಕುವವನೂ "ಸೊಟ್ಟಕ್ಕಾ" ಎಂದೇ ಕೂಗುತ್ತಾನೆ. ಅವನ ತಪ್ಪೇನಿಲ್ಲ, ಬೇರೆ ಹೆಸರಿದೆ ಎಂದು ಅವನಿಗೆ ಯಾರೂ ಹೇಳಿಲ್ಲ.

ತಾಯಿ ಬೀದಿಗೆಲ್ಲ ಟೈಲರಮ್ಮ. ಅವಳು ಹೊಲಿದ ಕೋಟು ಹಾಕಿಕೊಂಡರೆ ಗೂನು ಬೆನ್ನೂ ನೆಟ್ಟಗೆ ಕಾಣುತ್ತಿತ್ತಂತೆ. ಮಗಳಿಗೆ ಕೊಟ್ಟದ್ದು ಮಾತ್ರ ಗುಂಡಿ ಹಚ್ಚುವ ಕೆಲಸ, ಅಂಚು ಮಡಿಸುವ ಕೆಲಸ, ಪಕ್ಕಾ ಹೊಲಿಗೆಗೆ ಮುಂಚೆ ಬಟ್ಟೆ ಜಾರದಂತೆ ಕಚ್ಚಾ ಹೊಲಿಗೆ ಹಾಕುವ, ಆಮೇಲೆ ಅದನ್ನು ಬಿಚ್ಚುವ ಕೆಲಸ. ಕತ್ತರಿಯನ್ನು ಒಂದು ದಿನವೂ ಅವಳ ಕೈಗೆ ಕೊಡಲಿಲ್ಲ. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂದು ಯಾರಾದರೂ ಅಂದರೆ, "ನೂಲು ನನ್ನದಲ್ಲ, ಅವರಪ್ಪಂದು" ಎನ್ನುತ್ತಿದ್ದಳು. ಅಪ್ಪ ಆ ಹೊತ್ತಿಗೆ ಗೋಡೆಯ ಮೇಲಿನ ಫೋಟೋ ಆಗಿದ್ದುದರಿಂದ ಎದುರು ಹೇಳುವವರಿರಲಿಲ್ಲ. ಮಗಳಿಗೆ ಬಂದ ಎರಡು ಸಂಬಂಧಗಳನ್ನೂ ಟೈಲರಮ್ಮನೇ ಹಿಂದಕ್ಕೆ ಕಳಿಸಿದಳು. ಒಬ್ಬನ ಎಡಭುಜ ಇಳಿದಿದೆಯಂತೆ. ಇನ್ನೊಬ್ಬನ ಕುತ್ತಿಗೆಗೆ ಯಾವ ಕಾಲರೂ ಕೂರುವುದಿಲ್ಲವಂತೆ.

ಆರು ವರ್ಷದ ಹಿಂದೆ ಟೈಲರಮ್ಮನ ಕಾಲುಗಳ ಸ್ವಾಧೀನ ತಪ್ಪಿಹೋಯಿತು. ಅಂದಿನಿಂದ ಕಿಟಕಿ ಪಕ್ಕದ ಕುರ್ಚಿಯೇ ಅವಳ ಅಂಗಡಿ. ಎತ್ತಿ ಕೂರಿಸುವುದು, ಒರೆಸುವುದು, ಉಣ್ಣಿಸುವುದು, ಮತ್ತೆ ಎತ್ತಿ ಮಲಗಿಸುವುದು ಸೊಟ್ಟಿಯ ಪಾಲು. ಕನ್ನಡಕ ತೆಗೆದರೆ ಟೈಲರಮ್ಮನಿಗೆ ಎದುರಿನ ಬಾಗಿಲೂ ಮಂಜು. ಹಾಕಿಕೊಂಡರೆ ಮಾತ್ರ ಮೂರು ಮಾರು ದೂರದ ಹೊಲಿಗೆಯನ್ನೂ ಎಣಿಸಿಬಿಡುತ್ತಿದ್ದಳು. ದಪ್ಪ ಗಾಜಿನ ಆ ಕನ್ನಡಕದ ಹಿಂದೆ ಕೂತು, ಮಗಳು ಹಿಡಿದ ಒಂದೊಂದು ಕೆಲಸವನ್ನೂ ತರಿಸಿಕೊಂಡು ನೋಡಿ, ಒಂದೇ ಮಾತು ಹೇಳುತ್ತಿದ್ದಳು.

"ಬಿಚ್ಚು."

ಸೊಟ್ಟಿ ಬಿಚ್ಚುತ್ತಿದ್ದಳು. ಉಗುರಿನಿಂದ ಉಜ್ಜಿದರೆ ಬಟ್ಟೆಯ ತೂತು ಮುಚ್ಚಿಕೊಳ್ಳುತ್ತದೆ. ಮತ್ತೆ ಹೊಲಿಯುತ್ತಿದ್ದಳು.

ಹಳೆಯ ಕೈಚೀಲದ ಹಿಡಿ ಕಿತ್ತುಹೋಗಿ ಅವಳು ಚೀಲದಂಗಡಿಗೆ ಹೋದದ್ದು ಒಂದು ಬೆಳಿಗ್ಗೆ. ಅಂಗಡಿಯ ಯಜಮಾನ ಅರವತ್ತು ದಾಟಿದವನು. ಮೊಣಕಾಲುಗಳ ನಡುವೆ ಚರ್ಮ ಹಿಡಿದು, ಒಂದೇ ದಾರದ ಎರಡು ತುದಿಗೆ ಎರಡು ಸೂಜಿ ಪೋಣಿಸಿ, ಎರಡನ್ನೂ ಒಂದೇ ತೂತಿನಲ್ಲಿ ಎದುರುಬದುರು ದಾಟಿಸುತ್ತಿದ್ದ. ಅವಳು ಹಿಡಿಯ ಮಾತು ಮರೆತು ಅರ್ಧ ಗಂಟೆ ನಿಂತಳು. ಆ ತೂತುಗಳನ್ನು ಮೊದಲೇ ಹಲ್ಲುಳ್ಳ ಉಳಿಯಿಂದ ಸಮವಾಗಿ ಹೊಡೆದಿಟ್ಟಿರುತ್ತಾರೆ, ಸೂಜಿ ಅಲ್ಲೇ ಹೋಗಬೇಕು, ಅಲ್ಲೇ ಬರಬೇಕು. ಸೊಟ್ಟಗಾಗಲು ದಾರಿಯೇ ಇಲ್ಲ.

"ನಂಗೂ ಹೇಳಿಕೊಡ್ತೀರಾ ಯಜಮಾನ್ರೇ?"

"ಟೈಲರಮ್ಮನ ಮಗಳಲ್ವಾ ನೀವು? ಮನೇಲೇ ಗುರು ಇಟ್ಕೊಂಡು ನನ್ನ ಕೇಳ್ತೀರಲ್ಲಮ್ಮ" ಎಂದು ಅವನು ನಕ್ಕ. ಅಮ್ಮನ ಬಟ್ಟೆ ಹೊಲಿಗೆಯ ಮಾತು ಆಡುತ್ತಿದ್ದಾನೆ ಎಂದುಕೊಂಡಳು ಸೊಟ್ಟಿ. ಯಜಮಾನ ಅವಳನ್ನು ಒಂದು ತಾಸು ಕೂರಿಸಿ ತೋರಿಸಿದ. ಒಂದು ಹಳೆಯ ಉಳಿ, ಎರಡು ಮೊಂಡು ಸೂಜಿ, ಜೇನುಮೇಣದ ಉಂಡೆ, ಒಂದು ಹಿಡಿ ಚೂರು ಚರ್ಮ ಕೊಟ್ಟು ಕಳಿಸಿದ.

ಅಡುಗೆಮನೆಯ ಮೇಜಿನ ಮೇಲೆ ಅವಳ ಕಲಿಕೆ ನಡೆಯಿತು. ಮೇಣ ಹಚ್ಚದೆ ಹೊಲಿದು ದಾರ ಎಳೆಎಳೆಯಾಯಿತು. ಹೆಚ್ಚು ಎಳೆದು ಅಂಚು ಸುಕ್ಕಾಯಿತು. ಬಲಗೈ ಸೂಜಿ ಮೊದಲೋ ಎಡಗೈದೋ ಎಂದು ಮರೆತಲ್ಲೆಲ್ಲ ಹೊಲಿಗೆ ಮುಖ ತಿರುಗಿಸಿತು. ಬೆರಳಿನ ಸಂದಿಯಲ್ಲಿ ದಾರ ಕೊಯ್ದು ರಕ್ತ ಬಂತು. ಚೂರುಗಳು ಜಾರದಂತೆ ಬಟ್ಟೆ ಒಣಹಾಕುವ ಕ್ಲಿಪ್ಪು ಹಾಕಿಕೊಂಡಳು. ಮೂರನೇ ವಾರಕ್ಕೆ ಒಂದು ಗೇಣು ಹೊಲಿಗೆ, ಓರೆಯಾದ ಸಣ್ಣ ಅಕ್ಕಿಕಾಳು ಸಾಲಿಟ್ಟ ಹಾಗೆ ಕೂತಿತು. ಅದನ್ನು ಅಮ್ಮನಿಗೆ ತೋರಿಸಲಿಲ್ಲ. ತೋರಿಸಲಿಲ್ಲವೆಂದೇ ಆ ದಿನವಿಡೀ ಖುಷಿಯಾಗಿದ್ದಳು.

ಯಜಮಾನ ಆ ಗೇಣುದ್ದವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದ. ಆಮೇಲೆ ಮೂರು ಪರ್ಸಿಗೆ ಆಗುವಷ್ಟು ಒಳ್ಳೆ ಚರ್ಮ ಕತ್ತರಿಸಿ ಕೈಗಿಟ್ಟ. "ನನಗೆ ಕಣ್ಣು ಸಾಲಲ್ಲ, ಒಬ್ಬರು ಬೇಕು. ಮೂರೂ ಹೊಲಿದು ತನ್ನಿ. ಚೆನ್ನಾಗಿದ್ರೆ ದಿನಾ ಒಂಬತ್ತರಿಂದ ಐದರವರೆಗೆ ಇಲ್ಲೇ ಕೂತ್ಕೊಳ್ಳಿ. ಮೊದಲು ಅಂಟು ಹಾಕಿ ಕೂಡಿಸ್ಕೋಬೇಕು, ನೆನಪಿರಲಿ" ಎಂದು ಒಂದು ಡಬ್ಬಿ ಅಂಟೂ ಕೊಟ್ಟ.

ಒಂಬತ್ತರಿಂದ ಐದು. ದಿನಕ್ಕೆ ಎಂಟು ತಾಸು ಆ ಕಿಟಕಿಯಿಂದ ದೂರ. ಸೊಟ್ಟಿಗೆ ಬೇಕಾದದ್ದು ಸಂಬಳವಲ್ಲ, ಆ ಎಂಟು ತಾಸು. ನಡು ಮಧ್ಯಾಹ್ನ ಬಂದು ಅಮ್ಮನನ್ನು ನೋಡಿಕೊಂಡು ಹೋಗಲು ಪಕ್ಕದ ಮನೆಯಾಕೆಯನ್ನು ಒಪ್ಪಿಸಿಕೊಂಡು, ಆಮೇಲೆಯೇ ಅಮ್ಮನ ಮುಂದೆ ವಿಷಯ ತೆಗೆದಳು.

ಬೈಗುಳ ಬರುತ್ತದೆ ಎಂದು ಕಾದಳು. ಬರಲಿಲ್ಲ. "ಮಾಡು" ಎಂದಳು ಟೈಲರಮ್ಮ. "ಆದ್ರೆ ಆ ಅಂಟಿನ ಡಬ್ಬಿ ಮನೆಯೊಳಗಾಗಲಿ ಬಾಗಿಲಾಚೆಯಾಗಲಿ ತೆಗೀಬೇಡ. ಆ ವಾಸನೆಗೆ ನನಗೆ ಉಸಿರು ಕಟ್ಟತ್ತೆ."

"ಹಾಗಾದ್ರೆ ಕ್ಲಿಪ್ ಹಾಕ್ಕೋತೀನಮ್ಮ."

"ಕ್ಲಿಪ್ಪಿನ ಹಲ್ಲಿನ ಅಚ್ಚು ಹೊಸ ಚರ್ಮದ ಮೇಲೆ ಬೀಳತ್ತೆ."

ಅದು ನಿಜ. ಅಮ್ಮನಿಗೆ ಅದು ಹೇಗೆ ಗೊತ್ತು ಎಂದು ಸೊಟ್ಟಿ ಕೇಳಿಕೊಳ್ಳಲಿಲ್ಲ. ಅಮ್ಮನಿಗೆ ಎಲ್ಲ ಗೊತ್ತು ಎನ್ನುವುದು ಆ ಮನೆಯಲ್ಲಿ ಗೋಡೆಯಷ್ಟೇ ಹಳೆಯ ಮಾತು.

"ಮತ್ತೆ ಹೇಗೆ ಹಿಡಿದಿಡೋದು?"

"ಕಚ್ಚಾ ಹೊಲಿಗೆ ಹಾಕ್ಕೋ. ಅದೊಂದೇ ತಾನೇ ನಿನಗೆ ಬರೋದು. ಮೂರಕ್ಕೂ ಮೊದಲು ಕಚ್ಚಾ ಹಾಕು, ಆಮೇಲೆ ಮೂರನ್ನೂ ಹೊಲಿ, ಕಡೇಲಿ ಮೂರನ್ನೂ ಬಿಚ್ಚು."

ಟೈಲರ್ ಮನೆಯ ಪದ್ಧತಿಯೇ ಅದು. ಹತ್ತು ಅಂಗಿ ಇದ್ದರೆ ಹತ್ತು ಕಾಲರು ಮೊದಲು, ಹತ್ತು ತೋಳು ಆಮೇಲೆ. ಒಂದನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಕೈ ಹಾಕುವವಳು ಹೊತ್ತು ಹಾಳುಮಾಡುವವಳು. ಸೊಟ್ಟಿ ಬೆರಳಿಗೆ ಲೋಹದ ಟೋಪಿ ಹಾಕಿಕೊಂಡು, ಬಟ್ಟೆಯ ಸೂಜಿಯನ್ನು ಚರ್ಮದೊಳಗೆ ಒತ್ತಿ ಒತ್ತಿ ನೂಕಿ, ಅಂಚಿನಿಂದ ಅರ್ಧ ಬೆರಳು ಒಳಗೆ ಮೂರು ಪರ್ಸಿಗೂ ಬಿಳಿ ದಾರದ ಉದ್ದುದ್ದ ಕಚ್ಚಾ ಹಾಕಿದಳು. ಎರಡು ಸೂಜಿ ಮುರಿದವು. ಆಮೇಲೆ ನಾಲ್ಕು ದಿನ ಕೂತು, ಉಳಿಯಿಂದ ತೂತು ಹೊಡೆದು, ಎರಡು ಸೂಜಿಯಲ್ಲಿ ಮೂರನ್ನೂ ಹೊಲಿದಳು. ಅವಳ ಜೀವಮಾನದಲ್ಲಿ ಅಷ್ಟು ಚೆಂದದ ಹೊಲಿಗೆ ಅವಳ ಕೈಯಿಂದ ಬಂದಿರಲಿಲ್ಲ. ಟೈಲರಮ್ಮ ತರಿಸಿಕೊಂಡು, ಕನ್ನಡಕ ಸರಿಮಾಡಿಕೊಂಡು, ತಿರುಗಿಸಿ ತಿರುಗಿಸಿ ನೋಡಿದಳು. ಬಿಚ್ಚು ಎನ್ನಲಿಲ್ಲ. ಹತ್ತಿರಹತ್ತಿರ ನಲವತ್ತು ವರ್ಷದಲ್ಲಿ ಮೊದಲ ಸಲ.

"ಈಗ ಕಚ್ಚಾ ತೆಗಿ" ಎಂದಳು.

ಸೊಟ್ಟಿ ಬಿಳಿ ದಾರ ಕತ್ತರಿಸಿ ಎಳೆದಳು. ದಾರ ಬಂತು, ತೂತು ಉಳಿಯಿತು. ಉಗುರಿನಿಂದ ಉಜ್ಜಿದಳು. ಒದ್ದೆ ಬಟ್ಟೆಯಿಂದ ಒರೆಸಿ ಹೆಬ್ಬೆರಳಿನಿಂದ ತೀಡಿದಳು. ಒಂದೊಂದು ತೂತೂ ಬಾಯಿ ತೆರೆದುಕೊಂಡೇ ಇತ್ತು. ಎರಡನೆಯದರದ್ದು ಎಳೆದಳು, ಮೂರನೆಯದರದ್ದೂ ಎಳೆದಳು, ಒಂದರಲ್ಲಾದರೂ ಹಾಗಾಗಲಿಕ್ಕಿಲ್ಲ ಎಂಬ ಪೆದ್ದು ಆಸೆಯಿಂದ. ಸುತ್ತ ಅವಳ ನೆಟ್ಟಗಿನ ಹೊಲಿಗೆ, ಅದರ ಒಳಗೆ ಸಾಲಾಗಿ ಸಿಡುಬಿನ ಕಲೆಗಳಂತೆ ತೂತುಗಳು.

"ತೂತು ಹೋಗ್ತಿಲ್ಲಮ್ಮ."

"ಹೌದಾ" ಎಂದಳು ಟೈಲರಮ್ಮ. "ಇರಲಿ, ತಗೊಂಡು ಹೋಗು. ಅವನಿಗೆ ಕಣ್ಣೇ ಕಾಣಲ್ಲ ಅಂದ್ಯಲ್ಲ."

ಅವಳು ಹೋದಳು. ಹೋಗಬಾರದಿತ್ತು. ಯಜಮಾನ ಪರ್ಸನ್ನು ಬೆಳಕಿಗೆ ಎತ್ತಿ ಹಿಡಿದು, ಅಂಗಡಿಯ ಇನ್ನಿಬ್ಬರು ಕೆಲಸದವರನ್ನು ಕರೆದ. "ನೋಡ್ರಪ್ಪ, ಚಿಲ್ಲರೆಗೆ ಸೆಕೆ ಆಗಬಾರದು ಅಂತ ಕಿಟಕಿ ಇಟ್ಟಿದ್ದಾರೆ." ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸೊಟ್ಟಿಯೂ ನಕ್ಕಳು, ತನ್ನನ್ನು ನೋಡಿ ಜನ ನಕ್ಕಾಗ ಜೊತೆಗೆ ನಗುವುದು ಅವಳಿಗೆ ಆರನೇ ವಯಸ್ಸಿನಿಂದಲೇ ಅಭ್ಯಾಸ.

"ಹೊಲಿಗೆ ಮಾತ್ರ ಅಚ್ಚುಕಟ್ಟಾಗಿದೆಯಮ್ಮ. ಇಷ್ಟು ನೀಟಾಗಿ ಇವರಿಬ್ಬರಿಗೂ ಬರಲ್ಲ. ಆದ್ರೆ ಚರ್ಮಕ್ಕೆ ಕಚ್ಚಾ ಹಾಕು ಅಂತ ಯಾವ ಪುಣ್ಯಾತ್ಮ ಹೇಳಿದ್ದು?"

"ಅಮ್ಮ."

ಯಜಮಾನನ ನಗು ನಿಂತಿತು. ಪರ್ಸನ್ನು ಕೆಳಗಿಟ್ಟು ಬಲಗೈ ಮುಂದೆ ಚಾಚಿದ. ನಡುಬೆರಳಿನ ಗೆಣ್ಣಿನ ಮೇಲೆ ಬಿಳಿಯ ಗೆರೆಯಂಥ ಹಳೆಯ ಗಾಯ. "ಮದುವೆಗೆ ಮುಂಚೆ ನಿಮ್ಮಮ್ಮ ನಮ್ಮಪ್ಪನ ಹತ್ರ ಏಳು ವರ್ಷ ಬೂಟು ಹೊಲೀತಿದ್ರು. ನಂಗೆ ಕಲಿಸಿದ್ದೂ ಅವರೇ. ಒಂದು ತೂತು ಜಾಗ ತಪ್ಪಿದ್ದಕ್ಕೆ ಸ್ಕೇಲಿನ ಅಂಚಲ್ಲಿ ಕೊಟ್ಟಿದ್ದು ಇದು. 'ಬಟ್ಟೆ ಅಲ್ಲ ಕಣೋ, ಒಂದ್ಸಲ ಚುಚ್ಚಿದ್ರೆ ಚುಚ್ಚಿದ ಹಾಗೇ' ಅಂತ. ನಿಮಗೆ ಹೇಳಿಲ್ವಾ?"

ಸೊಟ್ಟಿ ಇಲ್ಲವೆಂದು ತಲೆಯಾಡಿಸಿದಳು. ಇನ್ನೊಂದು ಸಲ ಚರ್ಮ ಕೊಟ್ಟರೆ ಅಂಟು ಹಾಕಿ ಇಲ್ಲೇ ಕೂತು ಹೊಲಿದು ತೋರಿಸುತ್ತೇನೆ ಎಂದಳು.

ಯಜಮಾನ ಕೈ ಹಿಂದಕ್ಕೆ ಎಳೆದುಕೊಂಡ. "ಬೇಡಮ್ಮ. ಅವರಿಗೆ ಇಷ್ಟ ಇಲ್ಲ ಅಂದ್ಮೇಲೆ ನಾನು ಅವರನ್ನ ಎದುರು ಹಾಕ್ಕೊಳ್ಳಲ್ಲ." ಅರವತ್ತು ದಾಟಿದ ಗಂಡಸು, ಎದ್ದು ನಿಲ್ಲಲಾರದ ಮುದುಕಿಗೆ ಇನ್ನೂ ಹೆದರುತ್ತಿದ್ದ. ಉಳಿ, ಸೂಜಿ ಇಟ್ಟುಕೊಳ್ಳಿ ಎಂದು, ಸಮಾಧಾನಕ್ಕೆ ಎರಡಂಗೈ ಅಗಲದ ಒಂದು ಚರ್ಮವನ್ನೂ ಕೊಟ್ಟ.

ಮನೆಗೆ ಬಂದು ಸೊಟ್ಟಿ ಚಪ್ಪಲಿ ಕಳಚದೆ ಕಿಟಕಿಯ ಮುಂದೆ ನಿಂತಳು. "ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು." ಟೈಲರಮ್ಮ ಮುಖ ತಿರುಗಿಸಲೂ ಇಲ್ಲ. "ನೀನು ಹೋಗಿ ಅಲ್ಲಿ ಕೂತ್ರೆ, ಇಲ್ಲಿ ನನ್ನನ್ನ ಎತ್ತೋರು ಯಾರು? ಪಕ್ಕದ ಮನೆಯವಳಾ? ಅವಳ ಕೈ ತಣ್ಣಗಿರತ್ತೆ."

"ಬೇಡ ಅಂತ ಹೇಳಬಹುದಿತ್ತಲ್ಲಮ್ಮ."

"ಬೇಡ ಅಂದಿದ್ರೆ, ಅಮ್ಮ ಬಿಡಲಿಲ್ಲ ಅಂತ ನಾನು ಸಾಯೋವರೆಗೂ ನೀನು ಗೊಣಗ್ತಿದ್ದೆ. ಈಗ ನಿನ್ನ ಕೈಯಲ್ಲಿ ಆಗಲಿಲ್ಲ, ಅಷ್ಟೇ." ಆಮೇಲೆ ಅವಳ ಕಣ್ಣು ಮಗಳ ಕೈಯಲ್ಲಿದ್ದ ಚರ್ಮದ ಮೇಲೆ ಬಿತ್ತು. "ಅದ್ರಲ್ಲಿ ನನ್ನ ಕನ್ನಡಕಕ್ಕೊಂದು ಚೀಲ ಹೊಲಿ. ಕಲಿತ ವಿದ್ಯೆ ಹಾಳಾಗೋದು ಬೇಡ."

ಸೊಟ್ಟಿ ಅಳಲಿಲ್ಲ. ಮರುದಿನ ಬೆಳಿಗ್ಗೆ ಅಮ್ಮನನ್ನು ಎತ್ತಿ ಕೂರಿಸಿ, ಮುಖ ಒರೆಸಿ, ತಿಂಡಿ ತಿನ್ನಿಸಿ, "ಅಳತೆಗೆ ಬೇಕು" ಎಂದು ಕನ್ನಡಕವನ್ನು ಮೂಗಿನಿಂದ ತೆಗೆದುಕೊಂಡಳು. ಅಂಟಿನ ಡಬ್ಬಿಯ ಮುಚ್ಚಳ ಮನೆಯೊಳಗೇ ತೆಗೆದಳು. ವಾಸನೆ ತುಂಬಿತು. ಟೈಲರಮ್ಮ ಕೆಮ್ಮಲಿಲ್ಲ, ಉಸಿರೂ ಕಟ್ಟಲಿಲ್ಲ. ಸೊಟ್ಟಿ ಅವಸರ ಮಾಡಲಿಲ್ಲ. ಗೆರೆ ಎಳೆದು, ತೂತು ಹೊಡೆದು, ದಾರಕ್ಕೆ ಮೇಣ ಹಚ್ಚಿ, ಮೂರು ಕಡೆ ಹೊಲಿದಳು. ಕನ್ನಡಕವನ್ನು ಒಂದು ಸಲ ಒರೆಸಿ, ಮಡಿಸಿ ಒಳಗಿಟ್ಟಳು. ಆಮೇಲೆ ನಾಲ್ಕನೆಯ ಕಡೆಯನ್ನೂ ಹೊಲಿದಳು. ಕೊನೆಯಲ್ಲಿ ಎರಡು ತೂತು ಹಿಂದಕ್ಕೆ ಹೊಲಿದು ದಾರ ಕತ್ತರಿಸಿದಳು. ಯಜಮಾನ ಕಲಿಸಿದ್ದು ಹಾಗೆ. ಹಾಗೆ ಮುಗಿಸಿದ ಹೊಲಿಗೆ ತಾನಾಗಿ ಬಿಚ್ಚುವುದಿಲ್ಲ.

ಮಧ್ಯಾಹ್ನ ಅದನ್ನು ತಂದು ಅಮ್ಮನ ಮಡಿಲಲ್ಲಿಟ್ಟಳು. "ನೋಡಿ ಹೇಳಮ್ಮ, ಎಲ್ಲಿ ಸೊಟ್ಟ ಇದೆ ಅಂತ."

ಟೈಲರಮ್ಮ ಚೀಲದ ಬಾಯಿ ಹುಡುಕಿದಳು. ಬೆರಳು ಒಂದು ಅಂಚು ಹಿಡಿದು ಹೋಯಿತು, ಮೂಲೆ ತಿರುಗಿತು, ಎರಡನೆಯ ಅಂಚು, ಮೂರನೆಯದು, ನಾಲ್ಕನೆಯದು. ಒಳಗೆ ಗಾಜು ಕಟಕ್ ಎಂದಿತು. ಬೆರಳು ನಿಂತಿತು. ಮತ್ತೆ ಒಂದು ಸುತ್ತು ಬಂತು, ಈ ಸಲ ನಿಧಾನವಾಗಿ, ಒಂದೊಂದೇ ಹೊಲಿಗೆಯನ್ನು ಮುಟ್ಟಿ ಎಣಿಸುತ್ತ. ಎಲ್ಲಿಯೂ ಒಂದು ಹೊಲಿಗೆ ತಪ್ಪಿರಲಿಲ್ಲ. ಅದು ಆ ಬೆರಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಾಗುವಂತಿರಲಿಲ್ಲ.

"ಬಿಚ್ಚು" ಎಂದಳು. ದನಿ ಸಣ್ಣದಾಗಿತ್ತು. ಅವಳು ಮುಖ ಎತ್ತಿದ್ದು ಮಗಳಿದ್ದ ಕಡೆಗಲ್ಲ, ಬಾಗಿಲಿದ್ದ ಕಡೆಗೆ.

"ಬಿಚ್ಚಿದ್ರೆ ತೂತು ಉಳಿಯತ್ತಮ್ಮ" ಎಂದು ಹೇಳಿ ಸೊಟ್ಟಿ ತಟ್ಟೆಗಳನ್ನು ತೊಳೆಯಲು ಹೋದಳು.